ಹಡಗು ನಡೆಸಿದ ಚಿದಂಬರಂ ಪಿಳ್ಳೆ

ಕೊಯಮತ್ತೂರು ನಗರದಲ್ಲಿ ವ.ಉ.ಚಿ. ಉದ್ಯಾನವನ ಎಂಬ ದೊಡ್ಡ ಉದ್ಯಾನವನವಿದೆ. ಅದರ ಪಕ್ಕದ ಮೈದಾನಕ್ಕೂ ಅದೇ ಹೆಸರು. ನಮ್ಮ ರಾಜ್ಯದ ಅನೇಕ ಊರುಗಳಲ್ಲಿ ವ.ಉ.ಚಿ. ಹೆಸರಿನ ಬೀದಿಗಳಿವೆ. ತೂತುಕುಡಿಯ ದೊಡ್ಡ ಬಂದರಿಗೂ 2011ರಲ್ಲಿ ಇದೇ ಹೆಸರನ್ನು ಇಡಲಾಯಿತು. ವ.ಉ.ಚಿ. ಎಂದರೆ ವ. ಉ. ಚಿದಂಬರಂ ಪಿಳ್ಳೆ. ತಮಿಳು ಜನರು ಇವರನ್ನು ಕಪ್ಪಲೋಟ್ಟಿಯ ತಮಿಳನ್ ಎಂದು ಪ್ರೀತಿಯಿಂದ ಕರೆಯುತ್ತಾರೆ. ಹಡಗು ನಡೆಸಿದ ತಮಿಳ ಎಂದು ಇದರ ಅರ್ಥ.

ಮಕ್ಕಳೇ, ಕೊಯಮತ್ತೂರಿನಲ್ಲಿ ಸಮುದ್ರವಿಲ್ಲ, ಬಂದರೂ ಇಲ್ಲ. ಅಲ್ಲಿಗೆ ಹಡಗು ಬರುವುದೇ ಇಲ್ಲ. ಹಾಗಾದರೆ ಹಡಗು ನಡೆಸಿದವರ ಹೆಸರು ಅಲ್ಲಿ ಏಕೆ ಉಳಿದಿದೆ? ಅದನ್ನು ತಿಳಿಯಲು ಅವರ ಜೀವನದ ಕಥೆಯನ್ನು ಓದೋಣ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಚಿದಂಬರಂ ಪಿಳ್ಳೆಯವರು 1872ನೆಯ ಇಸವಿ ಸೆಪ್ಟೆಂಬರ್ 5ರಂದು ಒಟ್ಟಪಿಡಾರಂ ಎಂಬ ಊರಿನಲ್ಲಿ ಜನಿಸಿದರು. ಆಗ ಈ ಊರು ತಿರುನೆಲ್ವೇಲಿ ಜಿಲ್ಲೆಗೆ ಸೇರಿತ್ತು. ಈಗ ತೂತುಕುಡಿ ಜಿಲ್ಲೆಯಲ್ಲಿದೆ. ಇವರ ತಂದೆ ಉಲಗನಾಥ ಪಿಳ್ಳೆ, ತಾಯಿ ಪರಮಾಯಿ ಅಮ್ಮಾಳ್. ತಂದೆಯವರು ವಕೀಲರಾಗಿದ್ದರು. ಬಾಲಕ ಚಿದಂಬರಂ ಅಜ್ಜಿಯ ಬಾಯಿಂದ ಶಿವನ ಕಥೆಗಳನ್ನು ಕೇಳಿದನು. ಅಜ್ಜನಿಂದ ರಾಮಾಯಣದ ಕಥೆಗಳನ್ನು ಕೇಳಿದನು.

ಊರಿನಲ್ಲಿ ಮೊದಲ ಪಾಠ ಕಲಿತ ಮೇಲೆ ತೂತುಕುಡಿ ಮತ್ತು ತಿರುನೆಲ್ವೇಲಿಯಲ್ಲಿ ಓದು ಮುಂದುವರಿಯಿತು. ಕೆಲವು ಕಾಲ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ಕೆಲಸ ಮಾಡಿದರು. ಆಮೇಲೆ ತಂದೆಯಂತೆ ತಾವೂ ಕಾನೂನು ಓದಿದರು. 1895ರಲ್ಲಿ ಒಟ್ಟಪಿಡಾರದಲ್ಲಿ ವಕೀಲರಾದರು.

ತಂದೆಯವರ ಬಳಿಗೆ ಹಣವುಳ್ಳವರು ಬರುತ್ತಿದ್ದರು. ಮಗನ ಬಳಿಗೆ ಬಡವರು ಬರುತ್ತಿದ್ದರು. ಹಣ ಕೊಡಲು ಆಗದವರ ಮೊಕದ್ದಮೆಗಳನ್ನೂ ಚಿದಂಬರಂ ಪಿಳ್ಳೆಯವರು ನಡೆಸಿಕೊಟ್ಟರು. ಪೊಲೀಸರು ಬಡವರ ಮೇಲೆ ಸುಳ್ಳು ಮೊಕದ್ದಮೆ ಹೂಡಿದರೆ ಅದನ್ನು ನ್ಯಾಯಾಲಯದಲ್ಲಿ ಬಯಲು ಮಾಡಿದರು. ಇದರಿಂದ ಅಧಿಕಾರಿಗಳಿಗೆ ಇವರ ಮೇಲೆ ಕೋಪ ಬಂದಿತು. 1900ರಲ್ಲಿ ಅವರು ಒಟ್ಟಪಿಡಾರವನ್ನು ಬಿಟ್ಟು ತೂತುಕುಡಿಗೆ ಹೋಗಿ ನೆಲೆಸಿದರು.

ಮನುಷ್ಯರಲ್ಲಿ ಮೇಲು ಕೀಳು ಎಣಿಸುವುದು ಅವರಿಗೆ ಹಿಡಿಸುತ್ತಿರಲಿಲ್ಲ. ರಾಮಯ್ಯ ದೇಶಿಕರ್ ಎಂಬ ಜ್ಞಾನಿಯೊಬ್ಬರು ಇದ್ದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಅವರದು ಕೆಳಜಾತಿ ಎಂದು ಊರಿನವರು ದೂರ ಇಡುತ್ತಿದ್ದರು. ಚಿದಂಬರಂ ಪಿಳ್ಳೆ ಮತ್ತು ಅವರ ಹೆಂಡತಿ ವಳ್ಳಿಯಮ್ಮೈ ಅವರು ದೇಶಿಕರನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ಊಟ ಬಡಿಸಿದರು. ಊರಿನವರು ಆಡಿಕೊಂಡರೂ ಅವರು ಹೆದರಲಿಲ್ಲ. ವಳ್ಳಿಯಮ್ಮೈ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಆ ಮೇಲೆ ಚಿದಂಬರಂ ಪಿಳ್ಳೆಯವರು ಮೀನಾಕ್ಷಿ ಅಮ್ಮಾಳ್ ಅವರನ್ನು ಮದುವೆಯಾದರು.

ಸಮುದ್ರ ನಮ್ಮದು, ಹಡಗು ಯಾರದು?

ತೂತುಕುಡಿ ಸಮುದ್ರದ ದಡದಲ್ಲಿರುವ ಊರು. ಮುತ್ತಿಗೂ ಉಪ್ಪಿಗೂ ಹೆಸರಾದ ಊರು. ಅಲ್ಲಿಂದ ಸಮುದ್ರ ದಾಟಿದರೆ ಸಿಲೋನ್ ಸಿಗುತ್ತದೆ. ಅದನ್ನು ಈಗ ಶ್ರೀಲಂಕಾ ಎನ್ನುತ್ತೇವೆ. ತೂತುಕುಡಿಗೂ ಶ್ರೀಲಂಕಾದ ಕೊಲಂಬೊ ನಗರಕ್ಕೂ ನಡುವೆ ದೊಡ್ಡ ವ್ಯಾಪಾರ ನಡೆಯುತ್ತಿತ್ತು. ಸರಕಿನ ಮೂಟೆಗಳು ಹೋಗುತ್ತಿದ್ದವು. ಸಿಲೋನಿನ ತೋಟಗಳಲ್ಲಿ ಕೂಲಿ ಮಾಡಲು ಸಾವಿರಾರು ಬಡವರೂ ಹೋಗುತ್ತಿದ್ದರು.

ಮೂಟೆಗಳು ನಮ್ಮ ವ್ಯಾಪಾರಿಗಳದು. ಪ್ರಯಾಣಿಕರು ನಮ್ಮ ಜನರು. ಆದರೆ ಹಬೆಹಡಗುಗಳು ಮಾತ್ರ ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಎಂಬ ಆಂಗ್ಲರ ಕಂಪನಿಗೆ ಸೇರಿದ್ದವು. ಆ ದಾರಿಯಲ್ಲಿ ಬೇರೆ ಯಾರೂ ಹಬೆಹಡಗು ನಡೆಸುತ್ತಿರಲಿಲ್ಲ. ಅವರು ಹೇಳಿದ್ದೇ ದರ, ಅವರು ಇಟ್ಟದ್ದೇ ನಿಯಮ. ಸಂದಾಯವಾದ ಹಣವೆಲ್ಲ ದೇಶ ಬಿಟ್ಟು ಹೋಗುತ್ತಿತ್ತು. ಬಿಳಿಯರು ಮೇಲು, ಭಾರತೀಯರು ಕೀಳು ಎಂಬ ಭಾವನೆ ಆಗಿನ ಆಡಳಿತದಲ್ಲಿ ತುಂಬಿತ್ತು. ದೊಡ್ಡ ಉದ್ಯಮ ನಡೆಸುವುದು ಬಿಳಿಯರಿಗೆ ಮಾತ್ರ ಸಾಧ್ಯ ಎಂದು ಅನೇಕ ಭಾರತೀಯರೂ ನಂಬಿಬಿಟ್ಟಿದ್ದರು.

1905ರಲ್ಲಿ ಆಂಗ್ಲ ಸರಕಾರವು ಬಂಗಾಳ ಪ್ರಾಂತವನ್ನು ಎರಡಾಗಿ ಒಡೆಯಿತು. ಇದನ್ನು ವಿರೋಧಿಸಿ ದೇಶದಲ್ಲಿ ಸ್ವದೇಶಿ ಚಳವಳಿ ಎದ್ದಿತು. ಸ್ವದೇಶಿ ಎಂದರೆ ನಮ್ಮ ದೇಶದ್ದು. ನಮ್ಮ ನೇಕಾರರು ನೇಯ್ದ ಬಟ್ಟೆಯನ್ನು ಉಡುವುದು, ನಮ್ಮ ಕುಶಲಕರ್ಮಿಗಳು ಮಾಡಿದ ವಸ್ತುಗಳನ್ನು ಕೊಳ್ಳುವುದು ಸ್ವದೇಶಿ ಚಳವಳಿಯ ಮುಖ್ಯ ಮಾತು. ಚಿದಂಬರಂ ಪಿಳ್ಳೆಯವರು ತೂತುಕುಡಿಯಲ್ಲಿ ಸ್ವದೇಶಿ ವಸ್ತುಗಳ ಮಾರಾಟಕ್ಕೆ ಏರ್ಪಾಡು ಮಾಡಿದರು. ನೇಯ್ಗೆ ಕಲಿಸಲು ಧರ್ಮ ಸಂಘ ನೇಯ್ಗೆ ಶಾಲೆಯನ್ನು ತೆರೆದರು. ಆದರೆ ಅವರ ಮನಸ್ಸು ಸಮುದ್ರದ ಕಡೆಗೇ ಇತ್ತು. ಸರಕು ನಮ್ಮದಾದರೆ ಸಾಲದು, ಅದನ್ನು ಸಾಗಿಸುವ ಹಡಗೂ ನಮ್ಮದಾಗಬೇಕು ಎಂದು ಅವರು ಯೋಚಿಸಿದರು.

ಹನಿ ಹನಿ ಕೂಡಿದರೆ ಹಳ್ಳ

ಹಡಗು ಕೊಳ್ಳಲು ಲಕ್ಷಗಟ್ಟಲೆ ಹಣ ಬೇಕು. ಚಿದಂಬರಂ ಪಿಳ್ಳೆಯವರ ಬಳಿ ಅಷ್ಟು ಹಣ ಎಲ್ಲಿತ್ತು? ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ನಿಮಗೆ ಗೊತ್ತಲ್ಲವೇ? ಅವರು ಹಿಡಿದದ್ದೂ ಅದೇ ದಾರಿ.

1906ನೆಯ ಇಸವಿ ಅಕ್ಟೋಬರ್ 16ರಂದು ಸ್ವದೇಶಿ ಸ್ಟೀಮ್ ನ್ಯಾವಿಗೇಷನ್ ಕಂಪನಿ ನೋಂದಣಿಯಾಯಿತು. ಕಂಪನಿಯ ಬಂಡವಾಳ 10 ಲಕ್ಷ ರೂಪಾಯಿ ಎಂದು ಗೊತ್ತುಮಾಡಿದರು. ಅದನ್ನು 40,000 ಪಾಲುಗಳಾಗಿ ಹಂಚಿದರು. ಒಂದು ಪಾಲಿನ ಬೆಲೆ 25 ರೂಪಾಯಿ. ಒಂದು ಪಾಲು ಕೊಂಡವರೂ ಕಂಪನಿಯ ಒಡೆಯರಲ್ಲಿ ಒಬ್ಬರಾಗುತ್ತಿದ್ದರು. ಲಾಭ ಬಂದರೆ ಅವರಿಗೂ ಪಾಲು. ಹೀಗೆ ಒಬ್ಬ ಶ್ರೀಮಂತನ ಹಡಗು ಆಗುವ ಬದಲು ಸಾವಿರಾರು ಜನರ ಹಡಗು ಆಗುವಂತೆ ಅವರು ಏರ್ಪಡಿಸಿದರು.

ಮಧುರೈ ತಮಿಳು ಸಂಘದ ಅಧ್ಯಕ್ಷರೂ ಜಮೀನ್ದಾರರೂ ಆಗಿದ್ದ ಪಾಂಡಿತ್ತುರೈ ತೇವರ್ ಅವರು ಕಂಪನಿಯ ಅಧ್ಯಕ್ಷರಾದರು. ಹಾಜಿ ಮುಹಮ್ಮದ್ ಫಕೀರ್ ಸೇಠ್ ಎಂಬ ವ್ಯಾಪಾರಿ 8,000 ಪಾಲುಗಳನ್ನು ಕೊಂಡರು. ಅವರೊಬ್ಬರೇ 2 ಲಕ್ಷ ರೂಪಾಯಿ ಕೊಟ್ಟಂತಾಯಿತು. ಹಿಂದೂಗಳು, ಮುಸ್ಲಿಮರು ಎಂಬ ಭೇದ ಇರಲಿಲ್ಲ. ಭಾರತೀಯರು, ಸಿಲೋನಿನವರು, ಏಷ್ಯಾದ ಬೇರೆ ದೇಶಗಳವರು ಯಾರು ಬೇಕಾದರೂ ಪಾಲು ಕೊಳ್ಳಬಹುದಾಗಿತ್ತು. ಈ ಎಲ್ಲ ಜನರಿಗೂ ಹಡಗು ನಡೆಸುವ ವಿದ್ಯೆ ಮತ್ತು ಹಡಗು ಕಟ್ಟುವ ವಿದ್ಯೆಯನ್ನು ಕಲಿಸುವುದು ಕಂಪನಿಯ ಗುರಿಗಳಲ್ಲಿ ಒಂದು. ಹಡಗಿನಲ್ಲಿ ಮೂಟೆ ಹೊರುವ ಕೆಲಸ ಮಾತ್ರ ನಮ್ಮದಾಗಬಾರದು, ಚುಕ್ಕಾಣಿ ಹಿಡಿಯುವ ಕೆಲಸವೂ ನಮ್ಮದಾಗಬೇಕು ಎಂಬುದೇ ಅದರ ಅರ್ಥ.

ಮೊದಲು ಕಂಪನಿಗೆ ಸ್ವಂತ ಹಡಗು ಇರಲಿಲ್ಲ. ಬೇರೊಂದು ಕಂಪನಿಯ ಹಡಗುಗಳನ್ನು ಬಾಡಿಗೆಗೆ ತಂದರು. ಬ್ರಿಟಿಷ್ ಕಂಪನಿಯವರು ಆ ಹಡಗಿನವರ ಮೇಲೆ ಒತ್ತಾಯ ತಂದು ಬಾಡಿಗೆಯನ್ನು ನಿಲ್ಲಿಸಿಬಿಟ್ಟರು. ಚಿದಂಬರಂ ಪಿಳ್ಳೆಯವರು ಕೈಕಟ್ಟಿ ಕೂಡಲಿಲ್ಲ. ಸಿಲೋನಿನಿಂದ ಒಂದು ಹಡಗನ್ನು ಬಾಡಿಗೆಗೆ ತಂದು ಕೆಲಸ ಮುಂದುವರಿಸಿದರು. ಇನ್ನು ಸ್ವಂತ ಹಡಗು ಇಲ್ಲದೆ ಆಗದು ಎಂದು ತಿಳಿದು ಬೊಂಬಾಯಿಗೆ ಹೊರಟರು. ಬಂದರೆ ಹಡಗಿನೊಡನೆ ಬರುತ್ತೇನೆ, ಇಲ್ಲವಾದರೆ ಬರುವುದಿಲ್ಲ ಎಂದು ಶಪಥ ಮಾಡಿದರು.

ಶಪಥ ನೆರವೇರಿತು. 1907ರಲ್ಲಿ ಗಾಲಿಯಾ ಮತ್ತು ಲಾವೋ ಎಂಬ ಎರಡು ಹಬೆಹಡಗುಗಳು ಕಂಪನಿಯ ಸ್ವಂತದ್ದಾದವು. ಒಂದು ಹಡಗಿನಲ್ಲಿ ಸಾವಿರಕ್ಕೂ ಹೆಚ್ಚು ಜನರು ಪ್ರಯಾಣ ಮಾಡಬಹುದಾಗಿತ್ತು. ಅದರ ಜೊತೆಗೆ 4,000 ಮೂಟೆಗಳನ್ನು ಸಾಗಿಸಬಹುದಾಗಿತ್ತು. ತೂತುಕುಡಿಯ ಜನರ ಸಂತೋಷಕ್ಕೆ ಪಾರವೇ ಇರಲಿಲ್ಲ.

ಕಡಿಮೆ ದರದ ಬಲೆ

ನಮ್ಮ ವ್ಯಾಪಾರಿಗಳು ಸ್ವದೇಶಿ ಹಡಗಿನಲ್ಲಿ ಮೂಟೆ ಕಳುಹಿಸತೊಡಗಿದರು. ಪ್ರಯಾಣಿಕರೂ ಸ್ವದೇಶಿ ಹಡಗನ್ನೇ ಹುಡುಕಿಕೊಂಡು ಬಂದರು. ಬ್ರಿಟಿಷ್ ಕಂಪನಿಯ ಆದಾಯ ಇಳಿಯಿತು. ಆಗ ಅವರು ಪ್ರಯಾಣದ ದರವನ್ನು ಒಂದು ರೂಪಾಯಿಗೆ ಇಳಿಸಿದರು. ಸ್ವದೇಶಿ ಕಂಪನಿಯವರು ಎಂಟಾಣೆಗೆ, ಅಂದರೆ ಅರ್ಧ ರೂಪಾಯಿಗೆ ಇಳಿಸಿದರು. ಕೊನೆಗೆ ಬ್ರಿಟಿಷ್ ಕಂಪನಿಯವರು ಹಣವನ್ನೇ ತೆಗೆದುಕೊಳ್ಳದೆ ಜನರನ್ನು ಕರೆದುಕೊಂಡು ಹೋಗಲು ಮುಂದಾದರು. ಸಾಲದೆಂದು ಪ್ರಯಾಣಿಕರಿಗೆ ಒಂದೊಂದು ಕೊಡೆಯನ್ನೂ ಬಿಟ್ಟಿಯಾಗಿ ಕೊಡುತ್ತೇವೆ ಎಂದರು.

ಹಣವೂ ಬೇಡ, ಮೇಲೆ ಕೊಡೆಯೂ ಉಂಟು ಎಂದರೆ ಯಾರಿಗೆ ಆಸೆಯಾಗದು? ಆದರೆ ಇದರ ಗುಟ್ಟನ್ನು ತಿಳಿಯಬೇಕು. ಒಂದು ಊರಿನಲ್ಲಿ ಸಣ್ಣ ಅಂಗಡಿಯೊಂದು ಇದೆ ಎಂದುಕೊಳ್ಳಿ. ಅದರ ಎದುರಿಗೆ ದೊಡ್ಡ ವ್ಯಾಪಾರಿಯೊಬ್ಬ ಅಂಗಡಿ ತೆರೆಯುತ್ತಾನೆ. ಅವನ ಬಳಿ ಬೇಕಾದಷ್ಟು ಹಣವಿದೆ. ನಷ್ಟವಾದರೂ ಚಿಂತೆಯಿಲ್ಲ ಎಂದು ಸರಕನ್ನು ಅಗ್ಗವಾಗಿ ಮಾರುತ್ತಾನೆ. ಜನರೆಲ್ಲ ಅಲ್ಲಿಗೇ ಹೋಗುತ್ತಾರೆ. ಸಣ್ಣ ಅಂಗಡಿ ಮುಚ್ಚಿಹೋಗುತ್ತದೆ. ಮರುದಿನದಿಂದ ದೊಡ್ಡ ವ್ಯಾಪಾರಿ ಹೇಳಿದ್ದೇ ಬೆಲೆ. ಆಗ ಬೇರೆ ಅಂಗಡಿಗೆ ಹೋಗೋಣವೆಂದರೆ ಅಂಗಡಿಯೇ ಇರುವುದಿಲ್ಲ. ಬ್ರಿಟಿಷ್ ಕಂಪನಿಯ ಉಪಾಯವೂ ಇದೇ ಆಗಿತ್ತು. ಚಿದಂಬರಂ ಪಿಳ್ಳೆಯವರು ಊರೂರಿಗೆ ಹೋಗಿ ಸಭೆಗಳಲ್ಲಿ ಜನರಿಗೆ ಸ್ವದೇಶಿಯ ಮಹತ್ವವನ್ನು ವಿವರಿಸಿದರು. ಸರಕಾರದ ಅಧಿಕಾರಿಗಳು ಬ್ರಿಟಿಷ್ ಕಂಪನಿಯ ಕಡೆಗೇ ವಾಲಿದ್ದರು.

ದುಡಿಯುವವರ ಪರವಾಗಿ

ತೂತುಕುಡಿಯಲ್ಲಿ ಕೋರಲ್ ಮಿಲ್ ಎಂಬ ನೂಲಿನ ಗಿರಣಿ ಇತ್ತು. ಅದರ ಒಡೆತನ ಹಾರ್ವಿ ಎಂಬ ಆಂಗ್ಲ ಸಂಸ್ಥೆಯದು. ಇದೇ ಸಂಸ್ಥೆ ಬ್ರಿಟಿಷ್ ಹಡಗು ಕಂಪನಿಯ ಏಜೆಂಟೂ ಆಗಿತ್ತು. ಗಿರಣಿಯ ಕಾರ್ಮಿಕರಿಗೆ ಕೆಲಸ ಹೆಚ್ಚು, ಕೂಲಿ ಕಡಿಮೆ. ವಾರಕ್ಕೊಂದು ರಜೆಯೂ ಇರಲಿಲ್ಲ.

1908ರ ಫೆಬ್ರವರಿ ಕೊನೆಯಲ್ಲಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ಚಿದಂಬರಂ ಪಿಳ್ಳೆ ಮತ್ತು ಅವರ ಗೆಳೆಯ ಸುಬ್ರಮಣಿಯ ಶಿವ ಅವರು ಕಾರ್ಮಿಕರಿಗೆ ಬೆಂಬಲವಾಗಿ ನಿಂತರು. ಕೂಲಿಯಿಲ್ಲದ ದಿನಗಳಲ್ಲಿ ಅವರ ಮನೆಗಳಲ್ಲಿ ಒಲೆ ಆರದಂತೆ ಊರಿನವರಿಂದ ನೆರವು ಕೂಡಿಸಿದರು. ಊರಿನ ವ್ಯಾಪಾರಿಗಳೂ ಸಾಮಾನ್ಯ ಜನರೂ ಕೈಜೋಡಿಸಿದರು. ಒಂಬತ್ತು ದಿನಗಳ ಮುಷ್ಕರದ ನಂತರ ಗಿರಣಿಯವರು ಒಪ್ಪಿದರು. ಕೂಲಿ ಹೆಚ್ಚಿತು. ಕೆಲಸದ ಹೊತ್ತು ಕಡಿಮೆಯಾಯಿತು. ಭಾನುವಾರ ರಜೆ ಸಿಕ್ಕಿತು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಉದ್ಯಮ ನಮ್ಮವರ ಕೈಗೆ ಬಂದರೆ ಮಾತ್ರ ಸಾಲದು, ಅದರಲ್ಲಿ ದುಡಿಯುವವರಿಗೂ ನ್ಯಾಯ ಸಿಗಬೇಕು ಎಂಬುದು ಚಿದಂಬರಂ ಪಿಳ್ಳೆಯವರ ನಿಲುವು. ಹಡಗಿನ ಒಡೆಯರಾಗಿದ್ದರೂ ಅವರು ಕೂಲಿಯವರ ಜೊತೆಯಲ್ಲಿ ನಿಂತರು.

ಸರಕಾರಕ್ಕೆ ಇದು ಸಹಿಸಲಿಲ್ಲ. 1908ನೆಯ ಇಸವಿ ಮಾರ್ಚ್ 12ರಂದು ಚಿದಂಬರಂ ಪಿಳ್ಳೆ ಮತ್ತು ಸುಬ್ರಮಣಿಯ ಶಿವ ಅವರನ್ನು ಬಂಧಿಸಿದರು. ಮರುದಿನ ತಿರುನೆಲ್ವೇಲಿಯಲ್ಲಿ ಜನರು ರೊಚ್ಚಿಗೆದ್ದರು. ಅಂಗಡಿಗಳು ಮುಚ್ಚಿದವು. ಗಲಭೆಯಾಯಿತು. ಗುಂಡಿನೇಟಿಗೆ ನಾಲ್ವರು ಪ್ರಾಣ ಕಳೆದುಕೊಂಡರು.

ಜುಲೈ 7ರಂದು ತಿರುನೆಲ್ವೇಲಿಯ ನ್ಯಾಯಾಧೀಶ ಪಿನ್ಹೆ ತೀರ್ಪು ಹೇಳಿದರು. ಸರಕಾರದ ವಿರುದ್ಧ ಮಾತನಾಡಿದ್ದಕ್ಕೆ 20 ವರ್ಷ, ಶಿವ ಅವರಿಗೆ ನೆರವಾದದ್ದಕ್ಕೆ 20 ವರ್ಷ. ಒಟ್ಟು 40 ವರ್ಷಗಳ ಶಿಕ್ಷೆ! ಆಗ ಚಿದಂಬರಂ ಪಿಳ್ಳೆಯವರ ವಯಸ್ಸು 35. ಈ ಸುದ್ದಿ ಕೇಳಿ ಅವರ ತಮ್ಮ ಮೀನಾಕ್ಷಿಸುಂದರಂ ಅವರಿಗೆ ಬುದ್ಧಿಭ್ರಮೆಯಾಯಿತು. ಹೆಂಡತಿ ಮೀನಾಕ್ಷಿ ಅಮ್ಮಾಳ್ ಮಾತ್ರ ಧೈರ್ಯಗುಂದಲಿಲ್ಲ. ಮೇಲಿನ ನ್ಯಾಯಾಲಯಗಳಿಗೆ ಮನವಿ ಹೋಯಿತು. ಕೊನೆಗೆ ಶಿಕ್ಷೆ 6 ವರ್ಷಗಳಿಗೆ ಇಳಿಯಿತು.

ಕೊಯಮತ್ತೂರಿನ ಗಾಣ

1908ರ ಜುಲೈ ತಿಂಗಳಲ್ಲಿ ಚಿದಂಬರಂ ಪಿಳ್ಳೆಯವರನ್ನು ಕೊಯಮತ್ತೂರಿನ ಸೆರೆಮನೆಗೆ ತಂದರು. ಅವರನ್ನು ದೇಶಕ್ಕಾಗಿ ಸೆರೆ ಸೇರಿದವರು ಎಂದು ಅಧಿಕಾರಿಗಳು ಎಣಿಸಲಿಲ್ಲ. ಕಳ್ಳರ, ಕೊಲೆಗಾರರ ಜೊತೆಯಲ್ಲಿ ಇಟ್ಟು ಕಠಿಣ ಕೆಲಸ ಕೊಟ್ಟರು. ಒರಟು ಬಟ್ಟೆ ಉಡಿಸಿದರು. ಕಾಲಿಗೆ ಸಂಕೋಲೆ ತೊಡಿಸಿದರು. ಮೊದಲು ನಾರು ಬಿಡಿಸುವ ಯಂತ್ರವನ್ನು ತಿರುಗಿಸುವ ಕೆಲಸ. ಲೇಖನಿ ಹಿಡಿದ ಕೈಗಳು ಅದು. ಅಂಗೈಯ ತೊಗಲು ಸುಲಿದು ರಕ್ತ ಬಂದಿತು. ಆಮೇಲೆ ಅವರನ್ನು ಎಣ್ಣೆಯ ಗಾಣಕ್ಕೆ ಕಟ್ಟಿದರು.

ಗಾಣವನ್ನು ನೀವು ನೋಡಿರಬಹುದು. ತಮಿಳಿನಲ್ಲಿ ಅದಕ್ಕೆ ಚೆಕ್ಕು ಎನ್ನುತ್ತಾರೆ. ಎಳ್ಳನ್ನೋ ಕಡಲೆಯನ್ನೋ ಒರಳಿಗೆ ಹಾಕಿ, ಎತ್ತುಗಳನ್ನು ನೊಗಕ್ಕೆ ಕಟ್ಟಿ ಸುತ್ತಲೂ ತಿರುಗಿಸುತ್ತಾರೆ. ಎತ್ತು ನಡೆದಂತೆಲ್ಲ ಎಣ್ಣೆ ಸುರಿಯುತ್ತದೆ. ಕೊಯಮತ್ತೂರಿನ ಸೆರೆಮನೆಯಲ್ಲಿ ಎತ್ತಿನ ಜಾಗದಲ್ಲಿ ಚಿದಂಬರಂ ಪಿಳ್ಳೆಯವರು ನಿಂತರು. ಸುಡುವ ಬಿಸಿಲಿನಲ್ಲಿ ಸುತ್ತಿದಲ್ಲೇ ಸುತ್ತಿದರು. ಹಡಗು ನಡೆಸಿದವರಿಂದ ಗಾಣ ಎಳೆಸಿದರು. ಆದ್ದರಿಂದಲೇ ಅವರಿಗೆ ಚೆಕ್ಕಿಳುತ್ತ ಚೆಮ್ಮಲ್ ಎಂಬ ಹೆಸರು ಬಂದಿತು. ಗಾಣ ಎಳೆದ ಮಹನೀಯ ಎಂದು ಅದರ ಅರ್ಥ. ಆ ಗಾಣವನ್ನು ಇಂದಿಗೂ ಚೆನ್ನೈಯ ಗಾಂಧಿ ಮಂಟಪದಲ್ಲಿ ನೆನಪಿಗಾಗಿ ಇಟ್ಟಿದ್ದಾರೆ.

ದೇಹ ಬಳಲಿದರೂ ಅವರ ಮನಸ್ಸು ಬಳಲಲಿಲ್ಲ. ಸೆರೆಮನೆಯಲ್ಲಿದ್ದಾಗಲೇ ಅವರು ತಮಿಳು ಗ್ರಂಥಗಳನ್ನು ಓದಿದರು. ನೀತಿಯ ಪದ್ಯಗಳನ್ನು ರಚಿಸಿದರು. ಜೇಮ್ಸ್ ಆಲನ್ ಎಂಬ ಆಂಗ್ಲ ಲೇಖಕರ ಪುಸ್ತಕವನ್ನು ತಮಿಳಿಗೆ ಅನುವಾದಿಸಿದರು. ತಮ್ಮನ್ನು ಗಾಣಕ್ಕೆ ಕಟ್ಟಿದವರೂ ಆಂಗ್ಲರೇ, ತಾವು ಮೆಚ್ಚಿದ ಪುಸ್ತಕ ಬರೆದವರೂ ಆಂಗ್ಲರೇ. ಅನ್ಯಾಯವನ್ನು ವಿರೋಧಿಸಿದರೇ ಹೊರತು ಒಂದು ಜನಾಂಗವನ್ನೇ ಅವರು ದ್ವೇಷಿಸಲಿಲ್ಲ. ಕೊಯಮತ್ತೂರಿನ ವಕೀಲರೂ ತಮಿಳು ವಿದ್ವಾಂಸರೂ ಆಗಿದ್ದ ಸಿ. ಕೆ. ಸುಬ್ರಮಣಿಯ ಮುದಲಿಯಾರ್ ಅವರು ಆ ಕಷ್ಟದ ದಿನಗಳಲ್ಲಿ ನೆರವಾದರು. 1910ರ ಡಿಸೆಂಬರ್ ತಿಂಗಳಲ್ಲಿ ಚಿದಂಬರಂ ಪಿಳ್ಳೆಯವರನ್ನು ಕಣ್ಣೂರಿನ ಸೆರೆಮನೆಗೆ ಕಳುಹಿಸಿದರು.

ಹಡಗುಗಳು ಹೋದವು

ನಾಯಕರು ಸೆರೆಯಲ್ಲಿದ್ದಾಗ ಕಂಪನಿಯ ಗತಿ ಏನಾಯಿತು? ನಡೆಸುವವರಿಲ್ಲದೆ ಕಂಪನಿ ಸೊರಗಿತು. ಪಾಲುದಾರರು ಸರಕಾರಕ್ಕೆ ಹೆದರಿದರು. ನಷ್ಟ ಬೆಳೆಯಿತು. 1911ರಲ್ಲಿ ಕಂಪನಿಯನ್ನು ಮುಚ್ಚಬೇಕಾಯಿತು. ಜನರು ಪಾಲು ಹಾಕಿ ಕೊಂಡ ಗಾಲಿಯಾ ಹಡಗನ್ನು ಮಾರಿದರು. ಕೊಂಡವರು ಯಾರು ಗೊತ್ತೇ? ಅದೇ ಬ್ರಿಟಿಷ್ ಕಂಪನಿ! ಸೆರೆಮನೆಯ ಕಷ್ಟಗಳಿಗಿಂತಲೂ ಈ ಸುದ್ದಿ ಚಿದಂಬರಂ ಪಿಳ್ಳೆಯವರ ಮನಸ್ಸನ್ನು ನೋಯಿಸಿತು.

1912ನೆಯ ಇಸವಿ ಡಿಸೆಂಬರ್ 24ರಂದು ಅವರ ಬಿಡುಗಡೆಯಾಯಿತು. ಒಂದು ಕಾಲದಲ್ಲಿ ಅವರ ಮಾತು ಕೇಳಲು ಸಾವಿರಾರು ಜನರು ಸೇರುತ್ತಿದ್ದರು. ಅಂದು ಸೆರೆಮನೆಯ ಬಾಗಿಲಲ್ಲಿ ಬೆರಳೆಣಿಕೆಯ ಜನರು ಮಾತ್ರ ಇದ್ದರು. ಅವರಲ್ಲಿ ಸುಬ್ರಮಣಿಯ ಶಿವ ಒಬ್ಬರು. ಸೆರೆಮನೆಯಲ್ಲಿ ಕುಷ್ಠರೋಗ ತಗುಲಿ ಅವರ ರೂಪವೇ ಬದಲಾಗಿತ್ತು.

ಚಿದಂಬರಂ ಪಿಳ್ಳೆಯವರ ವಕೀಲಿ ಸನ್ನದನ್ನು ಸರಕಾರ ಕಿತ್ತುಕೊಂಡಿತ್ತು. ಸನ್ನದು ಇಲ್ಲದೆ ನ್ಯಾಯಾಲಯದಲ್ಲಿ ವಾದಿಸುವಂತಿಲ್ಲ. ಕೈಯಲ್ಲಿ ಹಣವಿಲ್ಲ, ಸಾಕಬೇಕಾದ ಸಂಸಾರವಿದೆ. ಅವರು ಮದರಾಸಿಗೆ ಹೋಗಿ ಸಣ್ಣ ಅಂಗಡಿ ಇಟ್ಟರು. ದೊಡ್ಡ ಕಂಪನಿಯ ಸ್ಥಾಪಕರು ದಿನಸಿ ಮಾರಿ ಜೀವನ ನಡೆಸಿದರು. ಅದಕ್ಕಾಗಿ ನಾಚಿಕೊಳ್ಳಲಿಲ್ಲ. ಆಗಲೂ ಕಾರ್ಮಿಕರ ಸಂಘಗಳಲ್ಲಿ ದುಡಿದರು.

ಅವರ ಕಷ್ಟದ ಸುದ್ದಿ ದೂರದ ದಕ್ಷಿಣ ಆಫ್ರಿಕಾಕ್ಕೂ ಮುಟ್ಟಿತು. ಅಲ್ಲಿ ನಮ್ಮ ಜನರು ಕೂಲಿಗಾರರಾಗಿ, ಸಣ್ಣ ವ್ಯಾಪಾರಿಗಳಾಗಿ ಬಾಳುತ್ತಿದ್ದರು. ಮೈಬಣ್ಣದ ಕಾರಣಕ್ಕಾಗಿ ಅಲ್ಲಿಯ ಬಿಳಿಯರ ಸರಕಾರ ಅವರನ್ನು ಕೀಳಾಗಿ ಕಾಣುತ್ತಿತ್ತು. ಅವಮಾನದ ನೋವು ಏನೆಂದು ಅವರಿಗೆ ತಿಳಿದಿತ್ತು. ಅವರು ತಮ್ಮ ಅಲ್ಪ ಗಳಿಕೆಯಲ್ಲೇ ಉಳಿಸಿ ಮುನ್ನೂರಕ್ಕೂ ಹೆಚ್ಚು ರೂಪಾಯಿ ಕೂಡಿಸಿದರು. ಗಾಂಧೀಜಿಯವರು ಭಾರತಕ್ಕೆ ಮರಳಿದ ಮೇಲೆ ಆ ಹಣವನ್ನು ಚಿದಂಬರಂ ಪಿಳ್ಳೆಯವರಿಗೆ ತಲುಪಿಸಿದರು. ಎಂದೂ ಮುಖ ನೋಡದ ಜನರು ಕಡಲಾಚೆಯಿಂದ ಕೈ ಚಾಚಿ ನೆರವಾದದ್ದನ್ನು ನಾವು ಮರೆಯಬಾರದು.

ಮತ್ತೆ ಕೊಯಮತ್ತೂರಿಗೆ

ಸುಮಾರು 1920ರಲ್ಲಿ ಚಿದಂಬರಂ ಪಿಳ್ಳೆಯವರು ಮತ್ತೆ ಕೊಯಮತ್ತೂರಿಗೆ ಬಂದರು. ಈ ಸಲ ಕೈದಿಯಾಗಿ ಅಲ್ಲ. ಬ್ಯಾಂಕೊಂದರಲ್ಲಿ ವ್ಯವಸ್ಥಾಪಕರ ಕೆಲಸ ಮಾಡಿಕೊಂಡು ಅಲ್ಲಿ ನೆಲೆಸಿದರು. ತಮ್ಮಿಂದ ಗಾಣ ಎಳೆಸಿದ ಊರಿನಲ್ಲೇ ಸ್ವತಂತ್ರ ಮನುಷ್ಯರಾಗಿ ನಡೆದಾಡಿದರು.

ಆಗ ಕೊಯಮತ್ತೂರು ಬೆಳೆಯುತ್ತಿದ್ದ ಊರು. ಸುತ್ತಲೂ ಹತ್ತಿಯ ಹೊಲಗಳು. ಆ ಊರಿನ ಮೊದಲ ನೂಲಿನ ಗಿರಣಿಯನ್ನು 1888ರಲ್ಲಿ ಆಂಗ್ಲರಾದ ರಾಬರ್ಟ್ ಸ್ಟೇನ್ಸ್ ಸ್ಥಾಪಿಸಿದ್ದರು. ಆಮೇಲೆ ನಮ್ಮವರೂ ಗಿರಣಿ ಕಟ್ಟಲು ಮುಂದೆ ಬಂದರು. ಕುಪ್ಪುಸ್ವಾಮಿ ನಾಯ್ಡು ಅವರು 1910ರಲ್ಲಿ ಲಕ್ಷ್ಮೀ ಮಿಲ್ ಅನ್ನು ಆರಂಭಿಸಿದರು. ಅದೇ ವರ್ಷ ಚಿದಂಬರಂ ಪಿಳ್ಳೆಯವರು ಅದೇ ಊರಿನ ಸೆರೆಯಲ್ಲಿದ್ದರು. ಹತ್ತಿ ಬೆಳೆಯುವ ನೆಲದವರೇ ಗಿರಣಿಯನ್ನೂ ನಡೆಸಬಲ್ಲರು ಎಂಬುದು ಹೀಗೆ ಕಣ್ಣಮುಂದೆ ಕಂಡಿತು.

ಪಕ್ಕದ ತಿರುಪ್ಪೂರು 1920ರ ದಶಕದಲ್ಲಿ ಖಾದಿಯ ದೊಡ್ಡ ಕೇಂದ್ರವಾಯಿತು. ಹಳ್ಳಿಯ ಹೆಂಗಸರು ಚರಕದಲ್ಲಿ ನೂತ ನೂಲು, ಮಗ್ಗದಲ್ಲಿ ನೇಯ್ದ ಬಟ್ಟೆ ಅಲ್ಲಿಂದ ದೂರ ದೂರಕ್ಕೆ ಹೋಯಿತು. ಅದೇ ತಿರುಪ್ಪೂರಿನಲ್ಲಿ 1932ರ ಜನವರಿಯಲ್ಲಿ ಕುಮಾರನ್ ಎಂಬ ಯುವಕ ರಾಷ್ಟ್ರಧ್ವಜವನ್ನು ಹಿಡಿದು ಮೆರವಣಿಗೆಯಲ್ಲಿ ಹೊರಟನು. ಪೊಲೀಸರ ಲಾಠಿಯೇಟಿಗೆ ಬಿದ್ದರೂ ಧ್ವಜವನ್ನು ಕೆಳಗೆ ಬಿಡದೆ ಪ್ರಾಣಬಿಟ್ಟನು. ಅವನೂ ನೇಕಾರರ ಮನೆಯ ಮಗ. ಕೊಯಮತ್ತೂರು, ತಿರುಪ್ಪೂರು ಸೀಮೆಯಲ್ಲಿ ಮನೆಯೊಳಗೆ ಕನ್ನಡವಾಡುವ ದೇವಾಂಗ ನೇಕಾರರೂ ತಲೆಮಾರುಗಳಿಂದ ಮಗ್ಗವನ್ನೇ ನಂಬಿ ಬದುಕಿದವರು. ಊರಿನ ಬಟ್ಟೆಯನ್ನು ಊರಿನವರು ಕೊಂಡರೆ ಮಾತ್ರ ಮಗ್ಗದ ಸದ್ದು ನಿಲ್ಲುವುದಿಲ್ಲ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬ್ಯಾಂಕಿನ ಸಂಬಳ ಸಂಸಾರಕ್ಕೆ ಸಾಲಲಿಲ್ಲ. ಮತ್ತೆ ವಕೀಲನಾಗಲು ಅನುಮತಿ ಕೊಡಬೇಕೆಂದು ಚಿದಂಬರಂ ಪಿಳ್ಳೆಯವರು ನ್ಯಾಯಾಲಯವನ್ನು ಕೇಳಿಕೊಂಡರು. ವಾಲೇಸ್ ಎಂಬ ಆಂಗ್ಲ ನ್ಯಾಯಾಧೀಶರ ಸಹಾಯದಿಂದ ಸನ್ನದು ಮರಳಿ ಸಿಕ್ಕಿತು. ಈ ಉಪಕಾರವನ್ನು ನೆನೆದು ಚಿದಂಬರಂ ಪಿಳ್ಳೆಯವರು ತಮ್ಮ ಕೊನೆಯ ಮಗನಿಗೆ ವಾಲೇಶ್ವರನ್ ಎಂದು ಹೆಸರಿಟ್ಟರು. ಆಂಗ್ಲರ ಆಡಳಿತದಿಂದ ಅಷ್ಟು ಕಷ್ಟ ಉಂಡವರು ಒಬ್ಬ ಆಂಗ್ಲರ ಹೆಸರನ್ನು ಮಗನಿಗೆ ಇಟ್ಟರು. ಮನುಷ್ಯನನ್ನು ಅವನ ಮೈಬಣ್ಣದಿಂದ ಅಳೆಯಬಾರದು, ಅವನ ನಡತೆಯಿಂದ ಅಳೆಯಬೇಕು ಎಂಬುದನ್ನು ಅವರು ಬಾಳಿ ತೋರಿಸಿದರು.

ಕೊನೆಯ ದಿನಗಳು

ಕೊಯಮತ್ತೂರಿನಿಂದ ಅವರು ಕೋವಿಲ್‌ಪಟ್ಟಿಗೆ ಹೋಗಿ ವಕೀಲರಾಗಿ ಕೆಲಸ ಮಾಡಿದರು. 1932ರಲ್ಲಿ ತೂತುಕುಡಿಗೆ ಮರಳಿದರು. ತಿರುಕ್ಕುರಳ್, ತೊಲ್ಕಾಪ್ಪಿಯಂ ಮುಂತಾದ ಹಳೆಯ ತಮಿಳು ಗ್ರಂಥಗಳ ಅಧ್ಯಯನದಲ್ಲಿ ಉಳಿದ ದಿನಗಳನ್ನು ಕಳೆದರು. ಬಡತನ ಮಾತ್ರ ಕೊನೆಯವರೆಗೂ ಬಿಡಲಿಲ್ಲ. 1936ನೆಯ ಇಸವಿ ನವೆಂಬರ್ 18ರಂದು ಅವರು ಕಣ್ಣು ಮುಚ್ಚಿದರು. ಸ್ವಾತಂತ್ರ್ಯ ಬರಲು ಇನ್ನೂ ಹನ್ನೊಂದು ವರ್ಷಗಳು ಬಾಕಿ ಇದ್ದವು.

1961ರಲ್ಲಿ ಅವರ ಜೀವನವನ್ನು ಕಪ್ಪಲೋಟ್ಟಿಯ ತಮಿಳನ್ ಎಂಬ ತಮಿಳು ಚಲನಚಿತ್ರದಲ್ಲಿ ತೋರಿಸಲಾಯಿತು. ನಟ ಶಿವಾಜಿ ಗಣೇಶನ್ ಅವರು ಚಿದಂಬರಂ ಪಿಳ್ಳೆಯವರ ಪಾತ್ರ ಮಾಡಿದರು. ಆ ಚಿತ್ರವನ್ನು ನಿರ್ದೇಶಿಸಿದವರು ಬಿ. ಆರ್. ಪಂತುಲು. ಅದೇ ವರ್ಷ ಕನ್ನಡದಲ್ಲಿ ಕಿತ್ತೂರು ಚೆನ್ನಮ್ಮ ಚಿತ್ರವನ್ನು ಮಾಡಿದವರೂ ಇವರೇ. 1972ರಲ್ಲಿ ಚಿದಂಬರಂ ಪಿಳ್ಳೆಯವರ ನೂರನೆಯ ಹುಟ್ಟುಹಬ್ಬದಂದು ಭಾರತ ಸರಕಾರವು ಅಂಚೆಚೀಟಿಯನ್ನು ಹೊರಡಿಸಿತು.

ನಾವು ಕಲಿಯಬೇಕಾದದ್ದು

ಸ್ವದೇಶಿ ಹಡಗು ಕಂಪನಿ ಐದು ವರ್ಷವೂ ಪೂರ್ತಿ ಬಾಳಲಿಲ್ಲ. ಹಾಗೆಂದು ಚಿದಂಬರಂ ಪಿಳ್ಳೆಯವರ ಕೆಲಸ ವ್ಯರ್ಥವಾಯಿತೇ? ಇಲ್ಲ. ಭಾರತೀಯರಿಂದ ಆಗದು ಎಂಬ ಮಾತನ್ನು ಅವರು ಸುಳ್ಳು ಮಾಡಿದರು. 25 ರೂಪಾಯಿ ಹಾಕಿದವರೂ ಹಡಗಿನ ಒಡೆಯರಾಗಬಹುದು ಎಂದು ತೋರಿಸಿದರು. ಬೇರೆ ಬೇರೆ ಧರ್ಮದವರನ್ನು ಒಂದೇ ಉದ್ಯಮದಲ್ಲಿ ಸಮಾನರಾಗಿ ಕೂಡಿಸಿದರು.

ಹಡಗು ಮುಳುಗಿದ್ದು ಬಿರುಗಾಳಿಯಿಂದಲ್ಲ. ಅಧಿಕಾರದ ಅನ್ಯಾಯ ಅದನ್ನು ತಡೆಯಿತು. ಜೊತೆಗಿದ್ದವರು ಭಯದಿಂದ ಕೈಬಿಟ್ಟರು. ಒಂದು ಉದ್ಯಮವನ್ನು ಕಟ್ಟಲು ಒಬ್ಬ ಧೀರನು ಸಾಕಾಗಬಹುದು. ಅದನ್ನು ಉಳಿಸಲು ಊರೇ ಬೇಕು.

ಮಕ್ಕಳೇ, ನಿಮ್ಮ ಊರಿನಲ್ಲೂ ಕುಂಬಾರರು, ನೇಕಾರರು, ಬುಟ್ಟಿ ಹೆಣೆಯುವವರು, ಗಾಣದ ಎಣ್ಣೆ ಮಾರುವವರು, ಸಣ್ಣ ಅಂಗಡಿಯವರು ಇದ್ದಾರೆ. ಅವರ ಮಕ್ಕಳು ನಿಮ್ಮ ಪಕ್ಕದಲ್ಲೇ ಕುಳಿತು ಓದುತ್ತಿರಬಹುದು. ಅವರ ಜಾತಿ ಯಾವುದು, ಮತ ಯಾವುದು, ಮನೆಮಾತು ಯಾವುದು ಎಂದು ಕೇಳಬೇಡಿ. ಅವರ ಕೆಲಸದ ಗುಣವನ್ನು ನೋಡಿ. ಅದಕ್ಕೆ ತಕ್ಕ ಬೆಲೆಯನ್ನು ಚೌಕಾಸಿ ಮಾಡದೆ ಕೊಡಲು ಮನೆಯವರಿಗೆ ಹೇಳಿ. ಚಿದಂಬರಂ ಪಿಳ್ಳೆಯವರು ಗಾಣ ಎಳೆದದ್ದು ಇಂತಹ ಜನರು ತಲೆಯೆತ್ತಿ ಬಾಳಲಿ ಎಂದೇ.